ಅಪ್ಪನ ವಹಿ ಎಲ್ಲಿಯೂ ಹೋಗಿಲ್ಲ

ನವನಗರ, ಬಾಗಲಕೋಟೆ
ಭಾನುವಾರ ರಾತ್ರಿ

ಪ್ರೀತಿಯ ತಂಗಿಗೆ,

ನಿನ್ನೆ ನೀನು ಫೋನಿನಲ್ಲಿ, “ಅಕ್ಕಾ, ಅಪ್ಪನ ವಹಿ ಪೂರಾ ಹಾಳಾಗೇತಿ, ಒಂದಕ್ಷರಾನೂ ಕನ್ನಡ ಇಲ್ಲ” ಎಂದು ಅತ್ತಾಗಿನಿಂದ ಮನಸ್ಸಿಗೆ ಸಮಾಧಾನವಿಲ್ಲ. ನಾನು ಹೇಳಿದ್ದು ನಿನ್ನ ಅಳುವಿನಲ್ಲಿ ಕೇಳಿಸಿತೋ ಇಲ್ಲವೋ ಎಂದು ಈಗ ಬರೆಯಲು ಕೂತಿದ್ದೇನೆ. ಅಪ್ಪ ನೇಯ್ಗೆಯ ಕೆಲಸ ಬರೆದಿಟ್ಟ ಆ ವಹಿ ಹಾಳಾಗಿಲ್ಲ. ನಾನು ಟೈಪು ಮಾಡಿದ ಒಂದೊಂದು ಅಕ್ಷರವೂ ಆ ಫೈಲಿನಲ್ಲಿ ಹಾಗೇ ಇದೆ. ನಿನ್ನ ಹೊಸ ಕಂಪ್ಯೂಟರಿಗೆ ಅದನ್ನು ಓದಲು ಬರುತ್ತಿಲ್ಲ, ಅಷ್ಟೇ.

ಸಣ್ಣವರಿದ್ದಾಗ ಬನಶಂಕರಿ ಜಾತ್ರೆ ಮುಗಿಸಿ ಅಪ್ಪ ನಮ್ಮನ್ನು ಬಾದಾಮಿಯ ಬಂಡೆ ಹತ್ತಿಸಿ ಕಪ್ಪೆ ಅರಭಟ್ಟನ ಶಾಸನ ತೋರಿಸಿದ್ದು ನೆನಪಿದೆಯೇ? ಸುಮಾರು 1300 ವರ್ಷಗಳ ಹಿಂದಿನ ಬರಹ. ಶಾಲೆಯಲ್ಲಿ ತ್ರಿಪದಿ ಎಂದು ಬಾಯಿಪಾಠ ಮಾಡಿದ ಪದ್ಯವೇ ಅಲ್ಲಿತ್ತು. ಆದರೂ ಕಲ್ಲಿನ ಮೇಲೆ ನಮಗೆ ಒಂದಕ್ಷರದ ಗುರುತೂ ಹತ್ತಲಿಲ್ಲ. “ಇದು ಕನ್ನಡಾನ ಹೌದಾ?” ಎಂದು ನೀನು ಕೇಳಿದ್ದೆ. ಅಕ್ಷರ ಅಳಿಸಿರಲಿಲ್ಲ. ಆ ಹಳೆಯ ರೂಪ ಬಲ್ಲವರು ಓದಿ, ಇಂದಿನ ಲಿಪಿಯಲ್ಲಿ ಬರೆದುಕೊಟ್ಟಿದ್ದರಿಂದಲೇ ಅದು ನಮ್ಮ ಪಠ್ಯಪುಸ್ತಕಕ್ಕೆ ಬಂದಿತ್ತು. ಅಪ್ಪನ ವಹಿಗೂ ಈಗ ಅದೇ ಕೆಲಸ ಆಗಬೇಕಿದೆ.

ನಾನು ಅದನ್ನು ಟೈಪು ಮಾಡಿದ್ದು ನುಡಿಯಲ್ಲಿ. ಕನ್ನಡ ಗಣಕ ಪರಿಷತ್ತಿನವರು ಸಿದ್ಧಪಡಿಸಿದ, ಸರ್ಕಾರಿ ಕಚೇರಿಗಳಲ್ಲೆಲ್ಲ ಬಳಕೆಗೆ ಬಂದ ತಂತ್ರಾಂಶವದು. ಕೆ. ಪಿ. ರಾವ್ ಅವರು ಯೋಚಿಸಿ ಕೂಡಿಸಿದ ಕೀಲಿಮಣೆ ವಿನ್ಯಾಸವೇ ಅದಕ್ಕೆ ಆಧಾರ. ನನ್ನ ಬೆರಳುಗಳಿಗೆ ಇವತ್ತಿಗೂ ಅದೇ ರೂಢಿ. ಆದರೆ ಆಗಿನ ಫಾಂಟುಗಳಲ್ಲಿ ಒಂದು ತೊಡಕಿತ್ತು. ಕಂಪ್ಯೂಟರಿನ ಒಳಗೆ ಉಳಿಯುತ್ತಿದ್ದದ್ದು ಇಂಗ್ಲಿಷಿನ ಸಂಕೇತಗಳು. ಅವುಗಳ ಮೇಲೆ ಕನ್ನಡದ ಆಕಾರ ತೊಡಿಸುತ್ತಿದ್ದದ್ದು ಫಾಂಟು. ಫಾಂಟು ಇಲ್ಲದ ಕಡೆ ಆ ಸಂಕೇತಗಳೇ ಹೊರಗೆ ಕಾಣುತ್ತವೆ. ನೀನು ಕಳಿಸಿದ ಫೋಟೋದಲ್ಲಿ ಪೌಂಡಿನ ಗುರುತು, ಅದರ ಪಕ್ಕ ತಲೆಯ ಮೇಲೆ ಗೀಟಿರುವ ಇಂಗ್ಲಿಷ್ ‘ಎ’ ಮತ್ತೆ ಮತ್ತೆ ಬಂದಿದೆಯಲ್ಲ, ಅದು ನಮ್ಮ ‘ನ’.

ಯೂನಿಕೋಡ್ ಎಂಬ ಸಂಕೇತ ವ್ಯವಸ್ಥೆಯಲ್ಲಿ ಹಾಗಾಗುವುದಿಲ್ಲ. 1991ರ ಮೊದಲ ಆವೃತ್ತಿಯಲ್ಲೇ ಅದು ಕನ್ನಡಕ್ಕೆ ಅದರದೇ ಸ್ಥಾನ ಕೊಟ್ಟಿತು. ಅದರಲ್ಲಿ ಬರೆದ ‘ನ’ ಇಳಕಲ್ಲಿನ ನಿನ್ನ ಕಂಪ್ಯೂಟರಿನಲ್ಲೂ ಅಮೆರಿಕದ ಮೊಬೈಲಿನಲ್ಲೂ ‘ನ’ವೇ.

ಅದಕ್ಕೇ ಹೊಸ ಕಂಪ್ಯೂಟರಿಗೆ ಏನೇನು ಹಾಕಲಿ ಎಂದು ನೀನು ಕೇಳಿದ್ದಕ್ಕೆ ನನ್ನ ಮೊದಲ ಉತ್ತರ ಕನ್ನಡ. ವಿಂಡೋಸ್‌ನ ಸೆಟ್ಟಿಂಗ್ಸ್‌ಗೆ ಹೋಗಿ ಭಾಷೆಗಳ ಪಟ್ಟಿಯಲ್ಲಿ ಕನ್ನಡ ಸೇರಿಸು. ಕೀಲಿಮಣೆ ಆರಿಸುವಾಗ ಫೊನೆಟಿಕ್ ತೆಗೆದುಕೊ. ನೀನು ಮೊಬೈಲಿನಲ್ಲಿ ಒತ್ತುವ ಹಾಗೆ ಇಂಗ್ಲಿಷ್ ಅಕ್ಷರದಲ್ಲಿ ‘ಅವ್ವ’ ಎಂದು ಒತ್ತಿದರೆ ಕನ್ನಡದ ಅವ್ವ ಬರುತ್ತಾಳೆ. ವಿಂಡೋಸ್ ಕೀಲಿಯ ಜೊತೆ ಸ್ಪೇಸ್ ಒತ್ತಿದರೆ ಇಂಗ್ಲಿಷ್, ಮತ್ತೆ ಒತ್ತಿದರೆ ಕನ್ನಡ. ಇದಕ್ಕೆ ಒಂದು ರೂಪಾಯಿಯ ಖರ್ಚೂ ಇಲ್ಲ. ಆಮೇಲೆ ನುಡಿ ಹಾಕಿಕೊ. ಹಳೆಯ ಫಾಂಟು ಬಂದೊಡನೆ ವಹಿ ನಿನ್ನ ಕಣ್ಣಿಗೆ ಕನ್ನಡವಾಗಿ ಕಾಣುತ್ತದೆ. ಆದರೆ ಅಷ್ಟಕ್ಕೇ ಬಿಡಬೇಡ. ಅದರ ಒಂದು ಪ್ರತಿ ತೆಗೆದು ಯೂನಿಕೋಡ್‌ಗೆ ಬದಲಾಯಿಸು. ಅರವಿಂದ ವಿ. ಕೆ. ಅವರು ಮಾಡಿಕೊಟ್ಟ ಪರಿವರ್ತಕ ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತದೆ. ಬದಲಾದ ಮೇಲೆ ಅರ್ಕಾವತ್ತು, ಒತ್ತಕ್ಷರ ಬರುವ ಕಡೆಯೆಲ್ಲ ಕಣ್ಣಿಟ್ಟು ಓದು. ತಪ್ಪುವುದು ಹೆಚ್ಚಾಗಿ ಅಲ್ಲೇ. ಮೂಲ ಫೈಲನ್ನು ಮಾತ್ರ ಮುಟ್ಟಬೇಡ.

ಇನ್ನು ಉಳಿದದ್ದು. ಯಾವುದನ್ನೇ ಹಾಕುವ ಮೊದಲು ಒಂದೇ ಪ್ರಶ್ನೆ ಕೇಳಿಕೊ: ಇದರಲ್ಲಿ ನಾನು ಬರೆದಿಟ್ಟದ್ದನ್ನು ಇಪ್ಪತ್ತು ವರ್ಷದ ಮೇಲೆ ನನ್ನ ಮಗಳು ತೆರೆದು ಓದಬಲ್ಲಳೇ? ಈ ಪ್ರಶ್ನೆಯನ್ನು ನಾನು ಅಂದು ಕೇಳಿಕೊಂಡಿದ್ದರೆ ನೀನು ನಿನ್ನೆ ಅಳುತ್ತಿರಲಿಲ್ಲ.

ಬರೆಯಲಿಕ್ಕೆ, ನಿನ್ನ ಅಂಗಡಿಯ ಸೀರೆಗಳ ಲೆಕ್ಕ ಇಡಲಿಕ್ಕೆ ಲಿಬ್ರೆಆಫೀಸ್ ಸಾಕು. 2010ರಿಂದ ಹಲವರು ಕೂಡಿ ಕಟ್ಟುತ್ತಿರುವ ಮುಕ್ತ ತಂತ್ರಾಂಶ. ವರ್ಷ ವರ್ಷ ಹಣ ಕಟ್ಟಬೇಕಿಲ್ಲ. ಅದರ ಕಡತದ ಮಾದರಿ ಯಾವ ಕಂಪನಿಯ ಕೈಯಲ್ಲೂ ಇಲ್ಲ. ಅದರ ಲೆಕ್ಕದ ಹಾಳೆಯಲ್ಲಿ ಇನ್ನೊಂದು ಕೆಲಸವೂ ಆಗುತ್ತದೆ. ಹಾಳೆಯ ಮನೆಗಳನ್ನು (ಸೆಲ್‌ಗಳನ್ನು) ಚೌಕಾಕಾರ ಮಾಡಿ ಒಂದು ಮನೆಗೆ ಒಂದು ಎಳೆ ಎಂದು ಬಣ್ಣ ತುಂಬುತ್ತ ಹೋದರೆ ಕಸೂತಿಯ ಗೋಪುರ, ತೇರು, ಆನೆ ಎಲ್ಲ ಎಣಿಕೆ ತಪ್ಪದೆ ಮೂಡುತ್ತವೆ. ರಬ್ಬರಿನಿಂದ ಒರೆಸಿ ಒರೆಸಿ ಗ್ರಾಫ್ ಕಾಗದ ಹರಿಯುವುದು ತಪ್ಪುತ್ತದೆ.

ವಿಡಿಯೋ, ಹಾಡಿಗೆ ವಿಎಲ್‌ಸಿ ಹಾಕಿಕೊ, ರಸ್ತೆಯಲ್ಲಿ ಇಡುವ ಕಿತ್ತಳೆ ಬಣ್ಣದ ಶಂಕುವಿನ ಗುರುತಿನದು. ಪಿಡಿಎಫ್ ಓದಲು ವಿಂಡೋಸ್ ಜೊತೆಗೇ ಬಂದ ಎಡ್ಜ್ ಸಾಕು. ಯಾವ ಫೈಲು ಎಲ್ಲಿಟ್ಟೆ ಎಂದು ನೀನು ಹುಡುಕುವುದು ಹೆಚ್ಚು. ಅದಕ್ಕೆ ಎವೆರಿಥಿಂಗ್ ಎಂಬ ಸಣ್ಣ ತಂತ್ರಾಂಶವಿದೆ. ಹೆಸರಿನ ನಾಲ್ಕಕ್ಷರ ಒತ್ತುವುದರೊಳಗೆ ಫೈಲು ಮುಂದೆ ಬರುತ್ತದೆ. ವೈರಸ್‌ಗೆ ವಿಂಡೋಸ್‌ನದೇ ಕಾವಲಿದೆ. ಅದನ್ನು ಬಂದ್ ಮಾಡಬೇಡ, ಅಪ್‌ಡೇಟ್ ನಿಲ್ಲಿಸಬೇಡ. ನಿನ್ನ ಹಳೆಯ ಕಂಪ್ಯೂಟರು ಬಿಡಬೇಕಾಗಿ ಬಂದದ್ದೂ ಇದೇ ಕಾರಣಕ್ಕಲ್ಲವೇ? ವಿಂಡೋಸ್ 10ಕ್ಕೆ ಮಾಮೂಲಿ ಭದ್ರತೆಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು, ವಿಂಡೋಸ್ 11 ಆ ಹಳೆಯದರಲ್ಲಿ ಕೂರಲಿಲ್ಲ.

ಬೇಡದ್ದನ್ನೂ ಹೇಳಿಬಿಡುತ್ತೇನೆ. ಕಂಪ್ಯೂಟರನ್ನು ಚುರುಕು ಮಾಡುತ್ತೇವೆ, ಕಸ ಗುಡಿಸುತ್ತೇವೆ ಎಂದು ತಾವಾಗಿ ಮುಂದೆ ಬರುವ ತಂತ್ರಾಂಶಗಳನ್ನು ಮುಟ್ಟಬೇಡ. ಯಾರಾದರೂ ಪೆನ್‌ಡ್ರೈವಿನಲ್ಲಿ ಕದ್ದ ಪ್ರತಿ ತಂದು ಬಿಟ್ಟಿ ಹಾಕಿಕೊಡುತ್ತೇನೆಂದರೆ ಚಹಾ ಕೊಟ್ಟು ಕಳಿಸು. ನಾನು ಕೆಲಸ ಮಾಡುತ್ತಿದ್ದ ಡಿಟಿಪಿ ಅಂಗಡಿಯಲ್ಲಿ ಅಂಥ ಒಂದು ಪ್ರತಿಯ ಜೊತೆ ಬಂದ ವೈರಸ್ಸು ಮೂರು ತಿಂಗಳ ಕೆಲಸ ತಿಂದುಹಾಕಿತ್ತು. ಎಷ್ಟೋ ಮದುವೆಯ ಕಾಗದ, ಒಂದು ಇಡೀ ಕವನ ಸಂಕಲನ ಹೋಯಿತು. ಆ ಕವಿಯ ಮುಖ ಇನ್ನೂ ಕಣ್ಣ ಮುಂದಿದೆ. ಏನೇ ಬೇಕಾದರೂ ಅದನ್ನು ಮಾಡಿದವರ ಸ್ವಂತ ಜಾಲತಾಣದಿಂದಲೇ ಇಳಿಸಿಕೊ.

ಕೊನೆಯದು ಪ್ರತಿ ತೆಗೆದಿಡುವುದು. ಇದನ್ನು ನಿನಗಿಂತ ಚೆನ್ನಾಗಿ ನಾನು ಬಲ್ಲೆ. ಆಲಮಟ್ಟಿಯ ಹಿನ್ನೀರು ಬರುತ್ತದೆಂದು ಹಳೇ ಬಾಗಲಕೋಟೆಯ ಮನೆ ಖಾಲಿ ಮಾಡಿ ನವನಗರಕ್ಕೆ ಬರುವಾಗ ಕಾಗದದ ಗಂಟಿನಲ್ಲಿ ಅಪ್ಪನ ಕೈಬರಹದ ವಹಿಯೂ ಇತ್ತು. ಇಲ್ಲಿ ಬಿಚ್ಚಿದಾಗ ಇರಲಿಲ್ಲ. ಟೈಪು ಮಾಡಲೆಂದು ಇಸಿದುಕೊಂಡು ಬಂದವಳು ನಾನು, ಕಳೆದವಳೂ ನಾನು. ಅಪ್ಪ ಒಂದು ಮಾತೂ ಆಡಲಿಲ್ಲ. ಅದಕ್ಕೇ ಈ ಫೈಲು ಎಂದರೆ ನನಗೆ ಜೀವ. ಇಳಕಲ್ಲಿನಲ್ಲಿ ನಿನ್ನ ಕಂಪ್ಯೂಟರಿನಲ್ಲಿ ಒಂದು, ಇಲ್ಲಿ ನನ್ನ ಹತ್ತಿರ ಒಂದು, ಹುನಗುಂದದಲ್ಲಿ ಅಣ್ಣನ ಕಪಾಟಿನೊಳಗೆ ಪೆನ್‌ಡ್ರೈವಿನಲ್ಲಿ ಒಂದು ಇರಲಿ. ಮೂರೂ ಊರು ಒಂದೇ ದಿನ ಮುಳುಗುವುದಿಲ್ಲ. ಕಾಗದದ ಮೇಲೂ ಒಂದು ಪ್ರತಿ ಮುದ್ರಿಸಿಡು. ಹೊಸ ಕಂಪ್ಯೂಟರುಗಳಲ್ಲಿ ಡಿಸ್ಕಿಗೆ ತಾನಾಗಿಯೇ ಬೀಗ ಬೀಳುವುದುಂಟು. ಅದರ ರಿಕವರಿ ಕೀ ನಿನ್ನ ಮೈಕ್ರೋಸಾಫ್ಟ್ ಖಾತೆಯಲ್ಲಿದ್ದರೆ ಅಂಗಡಿಯ ಖಾತೆಪುಸ್ತಕದಲ್ಲೂ ಬರೆದಿಟ್ಟುಕೊ.

ಇಷ್ಟೆಲ್ಲ ಆದ ಮೇಲೆ ಮೊದಲು ಕೊಂಡಿಯ ಪುಟ ತೆಗೆ. ಸೆರಗಿನ ಹಾಸನ್ನು ಮೈಯ ಹಾಸಿನೊಂದಿಗೆ ಕೊಂಡಿ ಹಾಕಿ ಕೂಡಿಸುವುದು ಹೇಗೆಂಬುದನ್ನು ಮಾತ್ರ ಅಪ್ಪ ಬರೆದಿರಲಿಲ್ಲ, ಕುಣಿಮಗ್ಗದಲ್ಲಿ ಕೂತೇ ಹೇಳುತ್ತ ಹೋಗಿದ್ದ. ನಾನು ಮಗ್ಗ ಕಲಿಯಲಿಲ್ಲ. ಕೇಳಿದ್ದನ್ನು ಬರೆದುಕೊಂಡೆ, ಬರೆದದ್ದನ್ನು ಟೈಪು ಮಾಡಿದೆ. ಎಲ್ಲಿ ತಪ್ಪಿದ್ದೇನೆಂದು ನನಗೆ ತಿಳಿಯದು, ಯಾವ ಪರಿವರ್ತಕಕ್ಕೂ ತಿಳಿಯದು. ಅದು ನಿನ್ನ ಕೈಗೆ ಗೊತ್ತು. ಒಂದೊಂದೇ ಸಾಲು ಓದಿ, ಮಗ್ಗದ ಮೇಲೆ ಎಳೆ ಎಣಿಸಿ ನೋಡಿ, ತಪ್ಪಿದ್ದಲ್ಲಿ ತಿದ್ದು. ಬರುವ ಶನಿವಾರ ಅಣ್ಣನಿಗೆ ಪೆನ್‌ಡ್ರೈವ್ ಕೊಟ್ಟು ಹುನಗುಂದದ ಮೇಲೆ ಹಾಯ್ದು ಬರುತ್ತೇನೆ. ನೀನು ತಿದ್ದಿದ ಪುಟವನ್ನು ನೀನೇ ನನಗೆ ಓದಿ ಹೇಳು.

ಮಗಳಿಗೆ ನನ್ನ ಮುತ್ತು.

ನಿನ್ನ
ಅಕ್ಕ