ಉಪ್ಪು ಗದ್ದೆಗೆ ಅಜ್ಜಿಮನೆಯ ನೇಜಿ

ನನ್ನೂರು ಕಾಪು ಅಂದ ಕೂಡಲೇ ಮಣಿಪಾಲದ ಆಫೀಸಲ್ಲಿ ಎಲ್ಲರೂ ಬೀಚು, 1901ರ ಲೈಟ್‌ಹೌಸ್ ಬಗ್ಗೆ ಕೇಳ್ತಾರೆ. ನಮ್ಮ ಮನೆಯಲ್ಲಿ ಸಮುದ್ರ ಅಂದ್ರೆ ಉಪ್ಪಿನ ಲೆಕ್ಕ. ಬೇಸಿಗೆಯ ಉಬ್ಬರಕ್ಕೆ ಹೊಳೆಯಲ್ಲಿ ಮೇಲೇರುವ ಉಪ್ಪುನೀರು ಸೀದಾ ನಮ್ಮ ಗದ್ದೆಗೆ ಬರುತ್ತದೆ. ಸತತ ಎರಡು ವರ್ಷ ನೇಜಿಯ ತುದಿ ಸುಟ್ಟ ಹಾಗಾಗಿ ಸತ್ತಾಗ ಅಪ್ಪ, "ಈ ಸಲ ಹಡಿಲು ಬಿಡುವ ಮಗಾ" ಅಂದರು. ಪಕ್ಕದ ಗದ್ದೆಗಳು ಆಗಲೇ ಹಡಿಲು. ನಾವೂ ಬಿಟ್ಟರೆ ದಂಡೆ ಒಡೆದಾಗ ಕಟ್ಟುವವರೇ ಇಲ್ಲ.

ಬಿಡುವ ಮೊದಲು ಉಪ್ಪು ಸಸಿಯನ್ನು ಹೇಗೆ ಕೊಲ್ಲುತ್ತದೆ ಅಂತ ತಿಳಿಯಬೇಕಿತ್ತು. ಓದಿದೆ, ಬ್ರಹ್ಮಾವರದ ಕೃಷಿ ಸಂಶೋಧನಾ ಕೇಂದ್ರಕ್ಕೆ ಹೋಗಿ ಕೇಳಿದೆ. ಮಣ್ಣಲ್ಲಿ ನೀರಿದ್ದರೂ ಉಪ್ಪು ಅದನ್ನು ಹಿಡಿದಿಡುತ್ತದೆ, ಬೇರಿಗೆ ಎಳೆದುಕೊಳ್ಳಲು ಕಷ್ಟ. ಒಳಗೆ ಹೋದ ಸೋಡಿಯಂ, ಪೊಟ್ಯಾಸಿಯಂನ ಜಾಗ ಹಿಡಿಯುತ್ತದೆ. ಆದರೆ ಭತ್ತ ಎಲ್ಲ ಹಂತದಲ್ಲೂ ಒಂದೇ ತರ ಸೋಲುವುದಿಲ್ಲ. ಮೊಳಕೆ ಗಟ್ಟಿ, ಎರಡು-ಮೂರು ಎಲೆಯ ಸಸಿ ತೀರಾ ನಾಜೂಕು, ತೆಂಡೆ ಒಡೆಯುವಾಗ ಮತ್ತೆ ತಡೆದುಕೊಳ್ಳುತ್ತದೆ, ಹೂ ಬಿಡುವಾಗ ಮತ್ತೆ ಸೂಕ್ಷ್ಮ.

ಹಾಗಾದರೆ ಆ ನಾಜೂಕು ದಿನಗಳನ್ನು ಸಸಿ ಬೇರೆ ಕಡೆ ಕಳೆಯಬಹುದಲ್ಲ? ಅಮ್ಮನ ತವರು ಕಾರ್ಕಳ, ಅಲ್ಲಿ ಸಿಹಿನೀರು. ಫೋನ್ ಮಾಡಿದರೆ ಮಾವ ನಕ್ಕರು: "ನೇಜಿಗೂ ಅಜ್ಜಿಮನೆಯಾ? ಆಯ್ತು, ಬೀಜ ತಾ."

ಸಾಮಾನ್ಯವಾಗಿ 21–25 ದಿನಕ್ಕೆ ನೇಜಿ ಕೀಳುತ್ತಾರೆ. ಉಪ್ಪು ಗದ್ದೆಗೆ 30–35 ದಿನದ, ಚೆನ್ನಾಗಿ ಬಲಿತ ಸಸಿ ಒಳ್ಳೆಯದು. ಒಂದು ಬುಡಕ್ಕೆ ಮೂರು-ನಾಲ್ಕು ಸಸಿ ನೆಟ್ಟರೆ ಕೆಲವು ಸತ್ತರೂ ಜಾಗ ಖಾಲಿ ಬೀಳುವುದಿಲ್ಲ.

ಅತ್ತ ನೇಜಿ ಬೆಳೆಯುವಾಗ ಇತ್ತ ಗದ್ದೆ ತೊಳೆಯುವ ಕೆಲಸ. ಉಡುಪಿ ಜಿಲ್ಲೆಗೆ ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ. ಇದಕ್ಕಿಂತ ಅಗ್ಗದ ಔಷಧಿ ಇಲ್ಲ. ಮೊದಲ ಮಳೆಯ ನೀರು ಕಟ್ಟಿ ನಿಲ್ಲಿಸಿ, ಇಳಿತದ ಹೊತ್ತಿಗೆ ಹೊಳೆಗೆ ಬಿಡುವುದು, ಮತ್ತೆ ಕಟ್ಟುವುದು. ಆನ್‌ಲೈನಲ್ಲಿ ತರಿಸಿದ ಪೆನ್ನಿನಂಥ ಮೀಟರು ಹಿಡಿದು ನಾನು ನೀರಿನ ಉಪ್ಪು ಅಳೆದೆ. ಅಪ್ಪ ಬೆರಳದ್ದಿ ನಾಲಿಗೆಗೆ ಇಟ್ಟರು. ಹೆಚ್ಚುಕಮ್ಮಿ ಒಂದೇ ಉತ್ತರ! ಮಣ್ಣಿನ ರಿಪೋರ್ಟ್ ಮಾಡಿಸುವವರಿಗೊಂದು ಅಂದಾಜು: 4 ಡೆಸಿಸೀಮನ್ಸ್ ದಾಟಿದರೆ ಉಪ್ಪು ಮಣ್ಣು, ಭತ್ತದ ಇಳುವರಿ 3 ದಾಟಿದಾಗಲೇ ಇಳಿಯತೊಡಗುತ್ತದೆ.

ಬಲಿತ ನೇಜಿಯ ಸೂಡಿಗಳು ಪಿಕಪ್ಪಲ್ಲಿ ಬಂದವು. ವೀಕೆಂಡ್ ನಾಟಿ ಮಾಡಿದೆವು. ಹತ್ತು ದಿನದಲ್ಲಿ ಹೊಸ ಎಲೆ ಬಂತು.

ಇದರಲ್ಲಿ ಹೊಸತೇನಿಲ್ಲ. ಕುಮಟಾದ ಮಾಣಿಕಟ್ಟದ ಗಜನಿಯಲ್ಲಿ ಕಗ್ಗ ಭತ್ತ, ಕೇರಳದಲ್ಲಿ ಪೊಕ್ಕಾಳಿ ಉಪ್ಪಲ್ಲೇ ಬದುಕಿ ಬಂದ ತಳಿಗಳು. ಪೊಕ್ಕಾಳಿಯ ಉಪ್ಪು ತಡೆಯುವ ಗುಣವನ್ನು ವಿಜ್ಞಾನಿಗಳು ಬೇರೆ ತಳಿಗಳಿಗೂ ಸೇರಿಸುತ್ತಿದ್ದಾರೆ. ಆದರೆ ತಳಿ ಯಾವುದಾದರೂ ದಂಡೆ ನೋಡಿಕೊಳ್ಳಲು ಜನ ಬೇಕು. ಮಳೆಗಾಲ ಮುಗಿದ ಮೇಲೆ ಕಿಂಡಿ ಅಣೆಕಟ್ಟಿಗೆ ಹಲಗೆ ಹಾಕುವುದು ತಡವಾದರೆ ಸುಗ್ಗಿ ಬೆಳೆಗೆ ಮತ್ತೆ ಉಪ್ಪು.

ಲಾಭ ಎಷ್ಟು ಅಂತ ಕೇಳಬೇಡಿ. ಪಿಕಪ್ ಬಾಡಿಗೆ, ಕೂಲಿ ಕಳೆದು ನಮ್ಮ ಊಟಕ್ಕೆ ಅಕ್ಕಿ, ದನಕ್ಕೆ ಹುಲ್ಲು ಉಳಿಯಿತು. ಮಳೆಗಾಲವಿಡೀ ಅಪ್ಪ ದಿನಾ ಗದ್ದೆಗೆ ಹೋದದ್ದರಿಂದ ದಂಡೆಯೂ ಉಳಿಯಿತು. ಈ ಸಲ ಪಕ್ಕದ ಗದ್ದೆಯವರು ಬಂದು, "ನಿಮ್ಮ ಮಾವನಲ್ಲಿ ನಮಗೂ ಒಂದಿಷ್ಟು ನೇಜಿ ಹಾಕಲಿಕ್ಕೆ ಹೇಳ್ತೀರಾ?" ಅಂತ ಕೇಳಿದ್ದಾರೆ.