ಮೊದಲು ಬೇರು, ಆಮೇಲೆ ಕತ್ತರಿ

ನರ್ಸರಿಯಲ್ಲಿ ಒಂದೂವರೆ ಅಡಿಯ ರಬ್ಬರ್ ಗಿಡ ಕೊಡುವಾಗ ಅದು ನಿಜಕ್ಕೂ ಮರ ಅಂತ ಯಾರೂ ಹೇಳುವುದಿಲ್ಲ. ಸುಳ್ಯ, ಬೆಳ್ತಂಗಡಿಯ ತೋಟಗಳಲ್ಲಿ ಹಾಲು ತೆಗೆಯುವ ರಬ್ಬರ್ ಬೇರೆ, ಅದರ ಮೂಲ ಅಮೆಜಾನ್ ಕಾಡು. ನಮ್ಮ ಹಾಲ್‌ಗಳಲ್ಲಿ ನಿಲ್ಲುವುದು ಫೈಕಸ್ ಇಲಾಸ್ಟಿಕಾ. ಆಲ, ಅತ್ತಿ, ಅರಳಿಯ ದಾಯಾದಿ. ಮೇಘಾಲಯದ ಖಾಸಿ ಜನ ಇದರ ಬೇರುಗಳನ್ನೇ ಹಳ್ಳದ ಆಚೆ ದಡಕ್ಕೆ ಹಾಯಿಸಿ, ಹೆಣೆದು, ವರ್ಷಗಟ್ಟಲೆ ಕಾದು ಸೇತುವೆ ಮಾಡಿಕೊಳ್ಳುತ್ತಾರೆ. ಅಂಥದ್ದನ್ನು ಬೆಂಗಳೂರಿನ ಮೂರನೇ ಮಹಡಿಯಲ್ಲಿ ಸೋಫಾ ಪಕ್ಕ ಇಟ್ಟು ನಾವು 'ಲೋ ಮೇಂಟೆನೆನ್ಸ್' ಅಂತೀವಿ.

ಒಂದು ಲೆಕ್ಕಕ್ಕೆ ಅದೂ ನಿಜವೇ. ಮುಖ್ಯವಾಗಿ ಬೇಕಾದ್ದು ಬೆಳಕು. ಕಿಟಕಿಯಿಂದ ಏಳೆಂಟು ಅಡಿ ಒಳಗೆ ನಮಗೆ ಪೇಪರ್ ಓದುವಷ್ಟು ಬೆಳಕಿದ್ದರೂ ಗಿಡಕ್ಕೆ ಸಾಲದು. ನೀರಿಗೆ ಕ್ಯಾಲೆಂಡರ್ ಬೇಡ, ಬೆರಳು ಸಾಕು. ಎರಡು ಇಂಚು ಆಳದವರೆಗೂ ಮಣ್ಣು ಒಣಗಿದ್ದರೆ ಕುಂಡದ ತೂತಿನಿಂದ ಇಳಿಯುವಷ್ಟು ಹಾಕಿ, ತಟ್ಟೆಯಲ್ಲಿ ನಿಂತ ನೀರು ಚೆಲ್ಲಿಬಿಡಿ. ಇಲ್ಲದಿದ್ದರೆ ಬೇರು ಕೊಳೆಯುತ್ತದೆ. ಆಗಾಗ ಒದ್ದೆ ಬಟ್ಟೆಯಲ್ಲಿ ಎಲೆ ಒರೆಸಿ. ಇಷ್ಟಾದರೆ ಕೆಂಪು ಹೊದಿಕೆ ಬಿಚ್ಚಿಕೊಂಡು ಒಂದಾದ ಮೇಲೊಂದು ಎಲೆ ಬರುತ್ತಲೇ ಇರುತ್ತದೆ. ಐದು ವರ್ಷದಲ್ಲಿ ನಮ್ಮದು ಕುಂಡ ಸೇರಿ ಒಂಬತ್ತು ಅಡಿಯಾಗಿ ಸೀಲಿಂಗ್ ಮುಟ್ಟಿತು.

ಅದೇ ಹೊತ್ತಿಗೆ ಮನೆ ಬದಲಿಸುವ ಮಾತು ಬಂತು. ಅಪ್ಪ ಹೋದ ಮೇಲೆ ತೀರ್ಥಹಳ್ಳಿಯಲ್ಲಿ ಅಮ್ಮ ಒಬ್ಬಳೇ. ಅವಳನ್ನು ಕರೆತರೋಣ ಅಂತ ಇನ್ನೊಂದು ರೂಮಿರುವ ಮನೆ ನೋಡಿದೆವು. ಊರಿನ ಮನೆ ಮಾರಲು ಅಣ್ಣ ಬ್ರೋಕರ್ ಹತ್ತಿರ ಮಾತೂ ಆಡಿದ್ದ. ಆದರೆ ಹೊಸ ಮನೆಯ ಲಿಫ್ಟಿನಲ್ಲಿ ಒಂಬತ್ತು ಅಡಿಯ ಮರ ಹಿಡಿಸದು. ಕಾಂಪೌಂಡಿನಲ್ಲಿ ನೆಟ್ಟರೆ ಇದರ ಬೇರು ಪೈಪು, ಗೋಡೆ ಯಾವುದನ್ನೂ ಬಿಡುವುದಿಲ್ಲ. ತುದಿಯನ್ನಷ್ಟೇ ಕತ್ತರಿಸಿ ಒಯ್ಯುವುದು ಅಂತಾಯಿತು.

ಅಮ್ಮನಿಗೆ ಈ ಗಿಡ ಮೊದಲಿಂದಲೂ ಆಗದು. "ಹಾಲು ಬರೋ ಗಿಡನ ಮನೆ ಒಳಗೆ ಇಡ್ತಾರೇನೇ?" ಅವಳ ಮಾತು ತೆಗೆದುಹಾಕುವಂಥದ್ದೂ ಅಲ್ಲ. ಆ ಹಾಲು ತಾಗಿದರೆ ಕೆಲವರಿಗೆ ತುರಿಕೆ ಬರುತ್ತದೆ, ಮಕ್ಕಳು, ಬೆಕ್ಕು ಎಲೆ ಜಗಿಯದಂತೆ ನೋಡಿಕೊಳ್ಳಬೇಕು. ಆದರೆ ಕತ್ತರಿಸುವ ಸುದ್ದಿ ಕೇಳಿದ್ದೇ, "ಹಾಗೆಲ್ಲ ಕಡಿದು ಹುಗಿಬೇಡ ಮಾರಾಯ್ತಿ, ಗೂಟಿ ಕಟ್ಟು" ಅಂದಳು. ನಿಂಬೆ, ದಾಳಿಂಬೆಗೆ ಕಟ್ಟಿ ಪಳಗಿದ ಕೈ. ಮಳೆಗಾಲ ಶುರುವಾಗುತ್ತಲೇ ಬಂದು ತಾನೇ ಸ್ಟೂಲ್ ಹತ್ತಿದಳು.

ಕಾಂಡದ ಸುತ್ತ ಒಂದಿಂಚು ಸಿಪ್ಪೆಯನ್ನು ಉಂಗುರದ ಹಾಗೆ ತೆಗೆದಳು. ಹಾಲು ಒರೆಸಿ, ಒದ್ದೆ ಮಾಡಿ ಹಿಂಡಿದ ತೆಂಗಿನ ನಾರಿನ ಪುಡಿ ಮೆತ್ತಿ, ಪ್ಲಾಸ್ಟಿಕ್ ಸುತ್ತಿ ಎರಡೂ ಕಡೆ ಬಿಗಿದಳು. ಸಿಪ್ಪೆ ಹೋದರೂ ಒಳಗಿನ ಕಟ್ಟಿಗೆಯಲ್ಲಿ ನೀರು ಮೇಲೇರುತ್ತಿರುವುದರಿಂದ ತುದಿ ಬಾಡುವುದಿಲ್ಲ. ಎಲೆ ಮಾಡಿದ ಆಹಾರ ಮಾತ್ರ ಸಿಪ್ಪೆಯ ದಾರಿಯಲ್ಲಿ ಇಳಿದು ಬಂದು ಉಂಗುರದ ಬಳಿ ತಡೆದು ನಿಲ್ಲುತ್ತದೆ. ಬೇರು ಹುಟ್ಟುವುದು ಅಲ್ಲೇ. ಅಂದರೆ ಹಳೇ ಮರದ ಮೇಲೆ ಇರುವಾಗಲೇ ಹೊಸ ಬೇರು ತಯಾರಾಗುತ್ತದೆ.

ದಾರ ಬಿಗಿಯುತ್ತಲೇ ಅಮ್ಮ ಹೇಳಿದಳು: "ಊರಿನ ಮನೆ ಈಗ್ಲೇ ಮಾರೋದು ಬೇಡ. ಒಂದು ತಿಂಗಳು ಇಲ್ಲಿರ್ತೀನಿ, ಒಂದು ತಿಂಗಳು ಅಲ್ಲಿ. ಆಮೇಲೆ ನಾನೇ ಹೇಳ್ತೀನಿ."

ಅವತ್ತು ರಾತ್ರಿ ಅಣ್ಣನಿಗೆ ಫೋನ್ ಮಾಡಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ಬ್ರೋಕರ್‌ಗೆ ಬೇಡ ಅಂತೀನಿ ಅಂದ.

ಪ್ಲಾಸ್ಟಿಕ್ಕಿನೊಳಗೆ ಬಿಳಿ ಬೇರು ತುಂಬಲು ಎರಡು ತಿಂಗಳು ಹಿಡಿಯಿತು. ಅದರ ಕೆಳಗೆ ಕತ್ತರಿಸಿ ಕುಂಡಕ್ಕೆ ಹಾಕಿದ ಎರಡೂವರೆ ಅಡಿಯ ತುದಿ ಈಗ ಹೊಸ ಮನೆಯ ಪೂರ್ವದ ಕಿಟಕಿ ಪಕ್ಕ ಇದೆ. ಉಳಿದ ಬುಡ ಹಳೇ ಮನೆಯ ಪಕ್ಕದವರ ಬಾಲ್ಕನಿಯಲ್ಲಿ ಎರಡು ಕಡೆ ಚಿಗುರಿದೆ. ಅಮ್ಮನ ರೂಮಿಗೆ ಪರದೆ ಹಾಕಿದ್ದೇವೆ. ತೀರ್ಥಹಳ್ಳಿ ಮನೆಯ ಬೀಗದ ಕೈ ಇನ್ನೂ ಅವಳ ಬ್ಯಾಗಿನಲ್ಲೇ ಇದೆ.