ಕುಳಿಯ ತಳಕ್ಕೆ ಬೆಳಕು

1980ರ ದಶಕದ ಕೊನೆಗೆ ದಾವಣಗೆರೆಯಲ್ಲಿ ಓದು ಮುಗಿಸಿ ಹಿರಿಯೂರಿನಲ್ಲಿ ಕ್ಲಿನಿಕ್ ತೆರೆದಾಗ ಹುಳುಕು ಹಲ್ಲಿಗೆ ತುಂಬುತ್ತಿದ್ದದ್ದು ಬೆಳ್ಳಿ ಸಿಮೆಂಟು. ಬೆಳ್ಳಿ ಬೆರೆತ ಪುಡಿಗೆ ಪಾದರಸ ಹಾಕಿ, ಪುಟ್ಟ ಗಾಜಿನ ಕಲ್ಬತ್ತಿನಲ್ಲಿ ಅರೆದು, ಬಟ್ಟೆಯಲ್ಲಿ ಹಿಂಡಿ ಹೆಚ್ಚಿನ ಪಾದರಸ ತೆಗೆದು ಕುಳಿಗೆ ಒತ್ತುತ್ತಿದ್ದೆವು. ಕರೆಂಟಿನ ಹಂಗಿಲ್ಲದೆ ತಾನೇ ಗಟ್ಟಿಯಾಗುತ್ತಿತ್ತು. ಹೊಸದುರ್ಗ, ಹೊಳಲ್ಕೆರೆ ಕಡೆಯ ಎಲೆ ಅಡಿಕೆ ಜಗಿಯುವ ದವಡೆಗಳಲ್ಲೂ ವರ್ಷಗಟ್ಟಲೆ ಬಾಳಿತು.

ಆಮೇಲೆ ಹಲ್ಲಿನ ಬಣ್ಣದ ಕಾಂಪೊಸಿಟ್ ರಾಳ ಬಂತು. ಫ್ಲೋರೈಡ್ ನೀರು ಕುಡಿದು ಬೆಳೆದ ನಮ್ಮ ಜಿಲ್ಲೆಯ ಹುಡುಗ ಹುಡುಗಿಯರು ಮದುವೆಗೆ ಮುಂಚೆ ಮುಂದಿನ ಹಲ್ಲಿನ ಕಂದು ಕಲೆ ಮುಚ್ಚಿಸಲು ಬರತೊಡಗಿದರು. ಈ ರಾಳವನ್ನು ಗಟ್ಟಿ ಮಾಡುವುದು ನೀಲಿ ಬೆಳಕು. ಅದರೊಳಗಿನ ಕ್ಯಾಂಫರ್‌ಕ್ವಿನೋನ್ 468 ನ್ಯಾನೋಮೀಟರ್ ಆಸುಪಾಸಿನ ಬೆಳಕು ಹೀರಿಕೊಂಡರೆ ಅಣುಗಳು ಒಂದಕ್ಕೊಂದು ಹೆಣೆದುಕೊಳ್ಳುತ್ತವೆ.

ನನ್ನ ಮೊದಲ ಹ್ಯಾಲೊಜೆನ್ ದೀಪ ಪಿಸ್ತೂಲಿನ ಆಕಾರದ್ದು, ಒಳಗೆ ಫ್ಯಾನು ಗುಂಯ್‌ಗುಡುತ್ತಿತ್ತು. 2 ಮಿಲಿಮೀಟರ್ ಪದರಕ್ಕೆ 40 ಸೆಕೆಂಡು ಹಿಡಿಯಬೇಕು. ಸುತ್ತಲ ತೋಟಗಳ ಪಂಪ್‌ಸೆಟ್ ಶುರುವಾದರೆ ವೋಲ್ಟೇಜ್ ಇಳಿಯುತ್ತಿತ್ತು, ಜೊತೆಗೆ ಬೆಳಕಿನ ಕಸುವೂ. ಬಲ್ಬು ಹಳತಾದರೂ ಅದೇ ಕತೆ. ಕಣ್ಣಿಗೆ ಮಾತ್ರ ನೀಲಿ ನೀಲಿಯಾಗಿಯೇ ಕಾಣುತ್ತದೆ. ಪ್ರೋಬ್ ತಾಗಿಸಿದರೆ ಮೇಲ್ಭಾಗ ಕಲ್ಲಿನಂತೆ, ತಳ ಮೆತ್ತಗೆ. ಸ್ವಲ್ಪ ಕಾಲ ಕಳೆದರೆ ಅದೇ ಹಲ್ಲು ತಣ್ಣೀರಿಗೆ ಜುಮ್ಮೆನ್ನುತ್ತದೆ, ಅಡಿಯಲ್ಲಿ ಮತ್ತೆ ಹುಳುಕು.

ನೀಲಿ ಎಲ್‌ಇಡಿ ಈ ಪಾಡು ತಪ್ಪಿಸಿತು. ಅದನ್ನು ಸಾಧಿಸಿದ ಅಕಾಸಾಕಿ, ಅಮಾನೊ, ನಕಾಮುರಾ ಅವರಿಗೆ 2014ರ ನೊಬೆಲ್ ಬಂದಾಗ ನನಗೆ ನಿಜಕ್ಕೂ ಸಂತೋಷವಾಯಿತು. ಪೆನ್ನಿನಂಥ ದೀಪ, ಬ್ಯಾಟರಿ, ಫ್ಯಾನಿನ ಗದ್ದಲವಿಲ್ಲ. ಕರೆಂಟು ಹೋದರೂ ಕೆಲಸ ನಿಲ್ಲದು. ಚದರ ಸೆಂಟಿಮೀಟರಿಗೆ 1000 ಮಿಲಿವ್ಯಾಟ್ ಕೊಡುವ ದೀಪ 20 ಸೆಕೆಂಡಿಗೆ 20 ಜೂಲ್ ಕೊಡುತ್ತದೆ. 400 ಮಿಲಿವ್ಯಾಟಿನ ಹಳೆಯ ದೀಪ 40 ಸೆಕೆಂಡು ಉರಿದು ಕೊಡುತ್ತಿದ್ದದ್ದು 16.

ಈಗ ಮೂರೇ ಸೆಕೆಂಡು ಸಾಕೆನ್ನುವ ದೀಪಗಳು ಬಂದಿವೆ. ಎಲ್ಲ ರಾಳಕ್ಕೂ ಅದು ಸಾಲದು, ಅಷ್ಟು ತೀಕ್ಷ್ಣ ಬೆಳಕಿನ ಬಿಸಿ ಹಲ್ಲಿನ ಒಳಗಿನ ನರಕ್ಕೂ ಒಳ್ಳೆಯದಲ್ಲ. ಹಿಂದಿನ ದವಡೆ ಹಲ್ಲಿನ ಹತ್ತಿರ ದೀಪದ ತುದಿಯನ್ನು ನೇರವಾಗಿ ಹಿಡಿಯಲು ಬಾಯಿ ಚೆನ್ನಾಗಿ ತೆರೆಸಬೇಕು. ದೂರ ಸರಿದರೆ, ಓರೆಯಾದರೆ ತಳಕ್ಕೆ ಬೆಳಕು ಇಳಿಯದು. ತುದಿಗೆ ಅಂಟಿದ ರಾಳವೂ ಬೆಳಕಿಗೆ ಅಡ್ಡ. ಹಿಡಿಯುವ ರೀತಿ ನಮ್ಮ ಕೈಯಲ್ಲಿದೆ, ದೀಪದ ಕಸುವು ಕುಗ್ಗಿದ್ದರೆ ಮಾತ್ರ ಬೆಳಕು ಅಳೆಯುವ ಪುಟ್ಟ ಮೀಟರ್ ಕ್ಷಣದಲ್ಲಿ ಹೇಳುತ್ತದೆ. ಲಕ್ಷಗಟ್ಟಲೆ ಸುರಿದು ಕುರ್ಚಿ ಹಾಕಿಸುವ ಕ್ಲಿನಿಕ್‌ಗಳಲ್ಲಿ ಅದೊಂದು ಇರುವುದೇ ಅಪರೂಪ. ಎಳೆಯ ಡಾಕ್ಟರುಗಳಿಗೆ ನಾನು ಕೊಳ್ಳಲು ಹೇಳುವ ಮೊದಲ ಸಾಮಾನು ಅದೇ, ದೀಪಕ್ಕಿಂತಲೂ ಮೊದಲು.